ಸೇನೆಯಿಂದ ಊರಿಗೆ ಬಂದವರು ಡಿಗ್ರಿ ಓದಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು, ಅಂದರೆ ನಾಲ್ಕು ವರ್ಷದ ಅವಧಿಗೆ ಸೇನೆಗೆ ಸೇರಿಸಿಕೊಳ್ಳುವ ವ್ಯವಸ್ಥೆಯನ್ನು ಪ್ರಕಟಿಸಿದ್ದು 2022ರ ಜೂನ್‌ನಲ್ಲಿ. ಅಗ್ನಿವೀರರೆಂದು ಕರೆಯುವ ಮೊದಲ ತಂಡದ ಹುಡುಗರು ಆ ವರ್ಷದ ಕೊನೆಗೆ ಮತ್ತು 2023ರ ಆರಂಭದಲ್ಲಿ ತರಬೇತಿ ಕೇಂದ್ರಗಳನ್ನು ಸೇರಿದರು. ನಾಲ್ಕು ವರ್ಷದ ಲೆಕ್ಕ ಹಿಡಿದರೆ 2026ರ ಕೊನೆ, 2027ರ ಆರಂಭಕ್ಕೆ ಅವರ ಅವಧಿ ಮುಗಿಯುತ್ತದೆ. ಯೋಜನೆ ಪ್ರಕಟವಾದಾಗಿನ ನಿಯಮದಂತೆ ಸೇನೆಯಲ್ಲೇ ಮುಂದುವರಿಯುವವರು ಹೆಚ್ಚೆಂದರೆ ಶೇ 25ರಷ್ಟು ಮಂದಿ. ಉಳಿದವರು ಸಿರುಗುಪ್ಪಕ್ಕೋ, ಸಂಡೂರಿಗೋ, ಮಾನ್ವಿಗೋ, ಕುಷ್ಟಗಿಗೋ ಮರಳಿ ಬರುತ್ತಾರೆ. ಬಂದ ವಾರದೊಳಗೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು?

ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಭಾಗದಲ್ಲಿ ಇದಕ್ಕೆ ಥಟ್ಟನೆ ಸಿಗುವ ಉತ್ತರಗಳು ಗೊತ್ತಿರುವಂಥವೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಗಿಣಿಗೇರಾ ಕಡೆಯ ಪ್ಲಾಂಟ್‌ಗಳಲ್ಲೋ ಸೆಕ್ಯೂರಿಟಿ ಕೆಲಸ, ಇಲ್ಲವಾದರೆ ಹೊಲ, ಅದೂ ಇಲ್ಲವಾದರೆ ಒಂದು ಅಂಗಡಿ. ಕಾಲೇಜು ಎಂಬ ಮಾತು ಬಂದರೂ ಕೊನೆಗೆ ಬರುತ್ತದೆ, ಬಂದ ಕೂಡಲೇ 'ಈ ವಯಸ್ಸಿಗಾ?' ಎಂಬ ಮಾತಿಗೆ ನಿಂತುಹೋಗುತ್ತದೆ. 21ರಿಂದ 27ರೊಳಗಿನ ಅಗ್ನಿವೀರನಿಗೂ, 15-17 ವರ್ಷ ಸೇವೆ ಮುಗಿಸಿ 35-40ರ ಆಸುಪಾಸಿನಲ್ಲಿ ಪೆನ್ಷನ್ ಬಂದ ನಾಯಕ್ ಅಥವಾ ಹವಾಲ್ದಾರ್‌ಗೂ ಕಾಲೇಜಿನ ದಾರಿ ತೆರೆದೇ ಇದೆ. ಬಿಎ, ಬಿಕಾಂನಂಥ ಸಾಮಾನ್ಯ ಪದವಿಗಳಿಗೆ ಸೇರಲು ವಯಸ್ಸು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವವು ಬೇರೆ: ಕಾಗದಪತ್ರ, ಭಾಷೆ, ಮತ್ತು ಕಾಲೇಜಿನ ಓದು-ಬರಹ ಎಂಬ ಕಸುಬು. ಸೈನಿಕನಿಗೆ ಬುದ್ಧಿ ಮತ್ತು ಶಿಸ್ತು ಎರಡೂ ಇರುತ್ತವೆ. ಆದರೆ ಈ ಕಸುಬನ್ನು ಸೇನೆ ಕಲಿಸಿರುವುದಿಲ್ಲ, ಕ್ಲಾಸು ಶುರುವಾಗುವ ಮೊದಲೇ ಅದನ್ನು ಕಲಿತುಕೊಳ್ಳಬೇಕು. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ.

ಮಾಜಿ ಸೈನಿಕ, ಅಗ್ನಿವೀರ: ವ್ಯತ್ಯಾಸ ಏನು?

ಊರಲ್ಲಿ ಇಬ್ಬರನ್ನೂ 'ಮಿಲ್ಟ್ರಿಯಿಂದ ಬಂದವರು' ಎನ್ನುತ್ತೇವೆ. ಸರ್ಕಾರಿ ಕಾಗದದಲ್ಲಿ ಇಬ್ಬರೂ ಬೇರೆ ಬೇರೆ.

ಹಳೆಯ ಪದ್ಧತಿಯಲ್ಲಿ ಸೇರಿದ ಜವಾನ 15 ವರ್ಷ ಪೂರೈಸಿದರೆ ಪಿಂಚಣಿಗೆ ಅರ್ಹ. ಹೊರಬರುವಾಗ ಅವನ ಕೈಯಲ್ಲಿ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಆಮೇಲೆ ಮಾಜಿ ಸೈನಿಕರ ಗುರುತಿನ ಚೀಟಿ ಇರುತ್ತವೆ. ಅಗ್ನಿವೀರನ ಸೇವೆ ನಾಲ್ಕೇ ವರ್ಷದ್ದು. ಯೋಜನೆಯ ನಿಯಮದಂತೆ ಅವನಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಅದರ ಬದಲು 'ಸೇವಾ ನಿಧಿ' ಎಂಬ ಒಂದು ಇಡುಗಂಟು ಸಿಗುತ್ತದೆ: ಅವನ ಸಂಬಳದಿಂದ ತಿಂಗಳು ತಿಂಗಳು ಹಿಡಿದ ಶೇ 30, ಅಷ್ಟೇ ಮೊತ್ತ ಸರ್ಕಾರದ್ದು, ಮೇಲೆ ಬಡ್ಡಿ, ಒಟ್ಟು ಸುಮಾರು 11.71 ಲಕ್ಷ ರೂಪಾಯಿ. ಇದಕ್ಕೆ ಆದಾಯ ತೆರಿಗೆ ಇಲ್ಲ.

ಕಾಲೇಜಿನ ಅರ್ಜಿಯಲ್ಲಿ 'ಮಾಜಿ ಸೈನಿಕ' ಎಂಬ ಖಾನೆ ಕಂಡ ಕೂಡಲೇ ಅಗ್ನಿವೀರರು ಟಿಕ್ ಹಾಕಿಬಿಡುವ ಸಾಧ್ಯತೆ ಇದೆ. ಕಾಗದ ಪರಿಶೀಲನೆಯಲ್ಲಿ ಅದು ತೊಡಕಾಗುತ್ತದೆ. ಆ ಖಾನೆ ಯಾರಿಗೆ ಅನ್ವಯಿಸುತ್ತದೆ ಎಂದು ಕೇಳಿಕೊಂಡೇ ತುಂಬಬೇಕು.

15 ವರ್ಷದ ಸೇವೆ ಡಿಗ್ರಿಗೆ ಸಮ ಅಲ್ಲವೇ?

ಪೆನ್ಷನ್ ಬಂದವರ ನಡುವೆ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. 'ನಮಗೆ ಗ್ರಾಜುಯೇಷನ್ ಸರ್ಟಿಫಿಕೇಟ್ ಕೊಟ್ಟಾರ, ಮತ್ಯಾಕ ಕಾಲೇಜು?' ಎಂದು ಕೇಳುವವರಿದ್ದಾರೆ.

ಆ ಮಾತಿನ ಮೂಲ ಕೇಂದ್ರ ಸರ್ಕಾರದ ಮರುನೇಮಕಾತಿ ನಿಯಮದಲ್ಲಿದೆ. ಮೆಟ್ರಿಕ್ ಪಾಸಾಗಿ, ಕನಿಷ್ಠ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರನ್ನು ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳಿಗೂ ಪರಿಗಣಿಸಬಹುದು ಎಂದು 1986ರಲ್ಲಿ ಸೇರಿಸಲಾಯಿತು. ಬ್ಯಾಂಕ್ ನೇಮಕಾತಿಯಲ್ಲೂ ಇಂಥದ್ದೇ ಅನುಕೂಲ ಇದೆ: ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಹುದ್ದೆಗೆ ಪದವಿ ಬೇಕು, ಆದರೆ ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದು 15 ವರ್ಷ ಪೂರೈಸಿದ ಮೆಟ್ರಿಕ್ ಪಾಸಾದ ಮಾಜಿ ಸೈನಿಕರು ಪದವಿ ಇಲ್ಲದೆಯೂ ಅರ್ಜಿ ಹಾಕಬಹುದು. ಅದೇ ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಹುದ್ದೆಗೆ ಈ ಅನುಕೂಲ ನಡೆಯುವುದಿಲ್ಲ. ಅಲ್ಲಿ ವಿಶ್ವವಿದ್ಯಾಲಯದ ಪದವಿಯೇ ಬೇಕು.

ಅಂದರೆ ಆ ಸಮಾನತೆ ಕೆಲವು ನೌಕರಿಗಳ ಬಾಗಿಲಿಗೆ ಮಾತ್ರ. ಎಂಎ, ಬಿಇಡಿ, ಕಾನೂನು ಓದಬೇಕೆಂದರೂ, ರಾಜ್ಯದ ಪ್ರಥಮ ದರ್ಜೆ ಸಹಾಯಕ ಅಥವಾ ಪಿಡಿಒ ಹುದ್ದೆಯ ಅರ್ಜಿ ಹಾಕಬೇಕೆಂದರೂ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ ಸಮೇತ ಪದವಿ ಕೈಯಲ್ಲಿರುವುದೇ ಗಟ್ಟಿ. ಕೈಯಲ್ಲಿರುವ ಸೇನೆಯ ಪ್ರಮಾಣಪತ್ರವನ್ನು ಯಾರು ಒಪ್ಪುತ್ತಾರೆ ಎಂಬುದನ್ನು ಆಯಾ ವಿಶ್ವವಿದ್ಯಾಲಯ ಅಥವಾ ನೇಮಕಾತಿ ಸಂಸ್ಥೆಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಪಿಯುಸಿ ಇಲ್ಲದವರು ಏನು ಮಾಡಬೇಕು?

ಡಿಗ್ರಿಗೆ ಸೇರಲು ಪಿಯುಸಿ ಅಥವಾ ಅದಕ್ಕೆ ಸಮಾನವಾದ 12ನೇ ತರಗತಿ ಪಾಸಾಗಿರಬೇಕು. ಎಸ್ಸೆಸ್ಸೆಲ್ಸಿ ಮೇಲೆ ಭರ್ತಿಯಾದವರು ಮೊದಲು ಆ ಅಂತರ ತುಂಬಿಕೊಳ್ಳಬೇಕು. ಎರಡು ನೇರ ದಾರಿಗಳಿವೆ. ಒಂದು, ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಖಾಸಗಿ ಅಭ್ಯರ್ಥಿಯಾಗಿ ದ್ವಿತೀಯ ಪಿಯುಸಿ ಪರೀಕ್ಷೆಗೆ ಕೂರುವುದು. ಇನ್ನೊಂದು, ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ 12ನೇ ತರಗತಿ ಮುಗಿಸುವುದು. 10ನೇ ತರಗತಿ ಓದಿ ಸೇರಿದ ಅಗ್ನಿವೀರರು ಸೇವೆಯಲ್ಲಿದ್ದಾಗಲೇ 12ನೇ ತರಗತಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯನ್ನೂ ಎನ್‌ಐಒಎಸ್ ಮಾಡಿದೆ. ಯೂನಿಟ್‌ನಲ್ಲಿ ಇರುವಾಗಲೇ ಅದಕ್ಕೆ ಹೆಸರು ಕೊಟ್ಟವರಿಗೆ ಒಂದು ಇಡೀ ವರ್ಷ ಉಳಿಯುತ್ತದೆ.

ಪಿಯುಸಿ ಬೇಡ, ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸುತ್ತೇವೆ ಎಂದು ಬಸ್ ನಿಲ್ದಾಣದ ಗೋಡೆಗಳ ಮೇಲೆ ಜಾಹೀರಾತು ಅಂಟಿಸುವವರ ಹತ್ತಿರ ಹೋಗಲೇಬೇಡಿ. ಹೊಸದಾಗಿ ಇಡುಗಂಟು ಕೈಗೆ ಬಂದವರು ಇಂಥವರ ಕಣ್ಣಿಗೆ ಬೇಗ ಬೀಳುತ್ತಾರೆ.

ಯಾವ ಕಾಲೇಜು: ರೆಗ್ಯುಲರ್ ಅಥವಾ ದೂರಶಿಕ್ಷಣ?

ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ಅದರ ಜ್ಞಾನಸಾಗರ ಕ್ಯಾಂಪಸ್ ಇರುವುದು ಕಂಟೋನ್ಮೆಂಟ್ ಪ್ರದೇಶದಲ್ಲಿ, ಬ್ರಿಟಿಷರ ಕಾಲದಲ್ಲಿ ದಂಡು ಬೀಡುಬಿಟ್ಟಿದ್ದ ಜಾಗದಲ್ಲಿ. ರಾಯಚೂರಿಗೂ ಕೊಪ್ಪಳಕ್ಕೂ ಈಗ ತಮ್ಮದೇ ವಿಶ್ವವಿದ್ಯಾಲಯಗಳಿವೆ. ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಲ್ಲಿ ಡಿಗ್ರಿ ಪ್ರವೇಶ ಯುಯುಸಿಎಂಎಸ್ ಎಂಬ ಪೋರ್ಟಲ್ ಮೂಲಕ ನಡೆಯುತ್ತದೆ. ರಾಜ್ಯ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ, ಹಾಗಾಗಿ ನಾಲ್ಕು ವರ್ಷದ ಆತಂಕ ಬೇಡ. ರೆಗ್ಯುಲರ್ ಕಾಲೇಜಿನಲ್ಲಿ ಶೇ 75ರಷ್ಟು ಹಾಜರಾತಿ ಇರಲೇಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಮನೆ ನಡೆಸಲು ದುಡಿಯಲೇಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ ದಾರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮಾನ್ಯತೆ ಮಾತ್ರ ಆಯಾ ವರ್ಷಕ್ಕೆ, ಆಯಾ ಕೋರ್ಸಿಗೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ ನಡುವೆ ಕೆಲ ವರ್ಷ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಕ್ಕಿತು. ಆ ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ಈ ಭಾಗದ ಹಲವು ಮನೆಗಳಿಗೆ ಗೊತ್ತು.

ಕ್ರೆಡಿಟ್ ಎಂದರೆ ಏನು?

ಹದಿನೈದು ವರ್ಷದ ಹಿಂದೆ ಕಾಲೇಜು ಬಿಟ್ಟವರಿಗೆ ಈ ಪದ ಹೊಸದು. ಊರಿನ ಹಾಲಿನ ಡೈರಿಯಲ್ಲಿ ಪ್ರತಿ ಮನೆಗೊಂದು ಪುಸ್ತಕ ಇರುತ್ತದಲ್ಲ, ಬೆಳಿಗ್ಗೆ ಎಷ್ಟು ಲೀಟರ್ ಹಾಕಿದರು, ಸಂಜೆ ಎಷ್ಟು ಎಂದು ಬರೆದುಕೊಂಡು, ಬಟವಾಡೆಯ ದಿನ ಒಟ್ಟು ಲೆಕ್ಕಕ್ಕೆ ದುಡ್ಡು ಕೊಡುತ್ತಾರೆ. ಕ್ರೆಡಿಟ್ ಕೂಡ ಹಾಗೆಯೇ ಕಲಿಕೆಯ ಅಳತೆ. ಕ್ಲಾಸು, ಓದು, ಬರಹ ಎಲ್ಲ ಸೇರಿ ಸುಮಾರು 30 ತಾಸಿನ ಕಲಿಕೆಗೆ ಒಂದು ಕ್ರೆಡಿಟ್. ಒಂದು ವರ್ಷಕ್ಕೆ ಸುಮಾರು 40 ಕ್ರೆಡಿಟ್. ಬೇಕಾದಷ್ಟು ಕ್ರೆಡಿಟ್ ಜಮೆಯಾದ ಮೇಲೆ ಪದವಿ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಆನ್‌ಲೈನ್ ಖಾತೆಯಲ್ಲಿ ಈ ಲೆಕ್ಕ ಉಳಿಯುತ್ತದೆ.

ಇದು ಸೈನಿಕರಿಗೆ ಯಾಕೆ ಮುಖ್ಯ? ಅಗ್ನಿವೀರರಿಗೆಂದು ಇಗ್ನೋ ರೂಪಿಸಿದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯಲ್ಲಿ ಪಡೆದ ಕೌಶಲ ತರಬೇತಿಗೆ ಸಿಗುತ್ತದೆ, ಉಳಿದರ್ಧವನ್ನು ಇಗ್ನೋ ವಿಷಯಗಳನ್ನು ಓದಿ ಗಳಿಸಬೇಕು. ಮೊದಲ ವರ್ಷ ಮುಗಿಸಿ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡು ಮುಗಿಸಿದರೆ ಡಿಪ್ಲೊಮಾ, ಮೂರಕ್ಕೆ ಪದವಿ. ಸೇವೆಯಲ್ಲಿದ್ದಾಗ ಇದಕ್ಕೆ ಸೇರಿದವರು ಹೊರಬರುವ ಮೊದಲು ತಮ್ಮ ಕ್ರೆಡಿಟ್ ಎಷ್ಟು ಜಮೆಯಾಗಿದೆ ಎಂದು ನೋಡಿ, ತರಬೇತಿಯ ದಾಖಲೆಗಳನ್ನು ಕೈಗೆ ತೆಗೆದುಕೊಳ್ಳಬೇಕು. ಊರಿಗೆ ಬಂದ ಮೇಲೆ ಸಾವಿರಾರು ಕಿಲೋಮೀಟರ್ ದೂರದ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ತರಿಸಿಕೊಳ್ಳುವುದು ಬಹಳ ದೀರ್ಘ ಕೆಲಸ.

ಕ್ರೆಡಿಟ್ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. 40 ಕ್ರೆಡಿಟ್ ಎಂದರೆ ವರ್ಷಕ್ಕೆ 1,200 ತಾಸು. 52 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 23 ತಾಸು, ದಿನಕ್ಕೆ ಮೂರು ತಾಸಿಗೂ ಹೆಚ್ಚು. 12 ತಾಸಿನ ಪಾಳಿಯ ಸೆಕ್ಯೂರಿಟಿ ಕೆಲಸ ಒಪ್ಪಿಕೊಂಡು ದೂರಶಿಕ್ಷಣಕ್ಕೆ ಹೆಸರು ಹಚ್ಚುವವರು ಈ ಲೆಕ್ಕವನ್ನು ಮೊದಲೇ ಹಾಕಿ ನೋಡಬೇಕು. ದೂರಶಿಕ್ಷಣ ಎಂದರೆ ಪರೀಕ್ಷೆಯ ಹಿಂದಿನ ವಾರ ಗೈಡ್ ಕೊಂಡು ಓದುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸೈನಿಕರ ಡಿಗ್ರಿ ಅರ್ಧಕ್ಕೆ ನಿಲ್ಲಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಸೇನೆಯ ಬರಹ, ಕಾಲೇಜಿನ ಬರಹ

ಈಗ ಮುಖ್ಯ ವಿಷಯಕ್ಕೆ ಬರೋಣ. ಸೇನೆಯಲ್ಲಿ ಓದು-ಬರಹ ಇಲ್ಲ ಎಂದುಕೊಳ್ಳುವುದು ತಪ್ಪು. ಬಡ್ತಿಗೆ ಶಿಕ್ಷಣ ಪರೀಕ್ಷೆಗಳಿರುತ್ತವೆ, ಮ್ಯಾಪ್ ರೀಡಿಂಗ್ ಪರೀಕ್ಷೆಗಳಿರುತ್ತವೆ, ಅದನ್ನೆಲ್ಲ ಕಲಿಸಲು ಆರ್ಮಿ ಎಜುಕೇಷನ್ ಕೋರ್ ಎಂಬ ಪ್ರತ್ಯೇಕ ವಿಭಾಗವೇ ಇದೆ. ಆದರೆ ಅಲ್ಲಿನ ಬರಹದ ಗುರಿ ಬೇರೆ. ಒಂದು ಉದಾಹರಣೆ ನೋಡೋಣ, ನಮ್ಮ ಮೂರೂ ಜಿಲ್ಲೆಗಳ ರೈತರು ನಿದ್ದೆಗೆಟ್ಟ ಘಟನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಅಲ್ಲಿ ಕಾವಲಿನಲ್ಲಿದ್ದ ಹವಾಲ್ದಾರರೊಬ್ಬರು ವರದಿ ಬರೆಯುತ್ತಾರೆ ಎಂದುಕೊಳ್ಳಿ. ಅದು ಹೀಗಿರುತ್ತದೆ:

'10 ಆಗಸ್ಟ್ 2024, ರಾತ್ರಿ. ಸ್ಥಳ: ತುಂಗಭದ್ರಾ ಜಲಾಶಯ. ಘಟನೆ: 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಗಿದೆ. ಕೈಗೊಂಡ ಕ್ರಮ: ಒತ್ತಡ ಇಳಿಸಲು ಉಳಿದ ಗೇಟ್‌ಗಳಿಂದ ನೀರು ಬಿಡಲಾಗಿದೆ. ಮುಂದಿನ ಕ್ರಮ: ಆದೇಶಕ್ಕೆ ಕಾಯಲಾಗುತ್ತಿದೆ.'

ಇದರಲ್ಲಿ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಯಾವಾಗ, ಎಲ್ಲಿ, ಏನು, ಮುಂದೇನು. ಬರೆದವನ ಅಭಿಪ್ರಾಯ ಇಲ್ಲ, ಇರಲೂ ಬಾರದು. ಇದು ಒಳ್ಳೆಯ ವರದಿ.

ಈಗ ಬಿಎ ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಹೀಗೊಂದು ಪ್ರಶ್ನೆ ಬರುತ್ತದೆ ಎಂದುಕೊಳ್ಳಿ: 'ಅಂತರರಾಜ್ಯ ಅಣೆಕಟ್ಟುಗಳ ಸುರಕ್ಷತೆಯ ಹೊಣೆ ಯಾರದು? ಚರ್ಚಿಸಿ.' ಮೇಲಿನ ವರದಿಯನ್ನೇ ಬರೆದರೆ ಅಂಕ ಬರುವುದಿಲ್ಲ. ಏನಾಯಿತು ಎಂದು ಇಲ್ಲಿ ಯಾರೂ ಕೇಳಿಲ್ಲ. ಕಾಲೇಜಿನ ಉತ್ತರ ಹೀಗೆ ಶುರುವಾಗಬಹುದು:

'ತುಂಗಭದ್ರಾ ಜಲಾಶಯದ ಗೇಟ್ ಕೊಚ್ಚಿಹೋಗಿದ್ದು ಮೇಲುನೋಟಕ್ಕೆ ಹಳೆಯ ಚೈನ್ ತುಂಡಾದ ಸಂಗತಿ. ಆದರೆ ಇದರಲ್ಲಿ ಹೊಣೆ ಹಂಚಿಕೆಯ ಪ್ರಶ್ನೆಯೂ ಇದೆ. ಜಲಾಶಯದ ನೀರನ್ನು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಹಂಚಿಕೊಳ್ಳುತ್ತವೆ. ಅಣೆಕಟ್ಟಿನ ನಿರ್ವಹಣೆ ತುಂಗಭದ್ರಾ ಮಂಡಳಿಯದು. ಹಲವರಿಗೆ ಸೇರಿದ ಆಸ್ತಿಯ ದುರಸ್ತಿಗೆ ಮೊದಲು ಮುಂದೆ ಬರಬೇಕಾದವರು ಯಾರು ಎಂಬುದು ಅಸ್ಪಷ್ಟವಾಗಿ ಉಳಿಯುವ ಸಾಧ್ಯತೆ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದನ್ನು ಬಗೆಹರಿಸಿದೆ ಎಂದು ವಾದಿಸಬಹುದು. ಆದರೆ...'

ಆ 'ಆದರೆ' ಆದ ಮೇಲೆ ಬರುವುದೇ ವಿದ್ಯಾರ್ಥಿಯ ಸ್ವಂತ ಮಾತು. ಎರಡೂ ಬರಹಗಳಲ್ಲಿ ಇರುವ ಘಟನೆ ಒಂದೇ. ಎರಡನೆಯದರಲ್ಲಿ ಒಂದು ನಿಲುವು ಇದೆ, ಅದಕ್ಕೆ ಆಧಾರ ಇದೆ, ಎದುರಾಳಿ ಏನು ಹೇಳಬಹುದು ಎಂಬ ಯೋಚನೆಯೂ ಇದೆ. ಹತ್ತಾರು ವರ್ಷ 'ನನ್ನ ಅಭಿಪ್ರಾಯ' ಎಂಬ ಮಾತನ್ನು ಕಾಗದದ ಮೇಲೆ ತರದೆ ದುಡಿದವರಿಗೆ ಇದು ನಿಜಕ್ಕೂ ಕಷ್ಟ. ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ. ಕೈ ಬೇರೆ ರೀತಿಯ ಬರಹಕ್ಕೆ ಪಳಗಿರುತ್ತದೆ ಅಷ್ಟೆ, ಅಭ್ಯಾಸ ಮಾಡಿದರೆ ಇದಕ್ಕೂ ಪಳಗುತ್ತದೆ.

ಓದಿನಲ್ಲೂ ಇದೇ ವ್ಯತ್ಯಾಸ. ಆದೇಶವನ್ನು ಪದ ಪದ ಬಿಡದೆ ಓದಬೇಕು, ಒಂದು ಪದ ತಪ್ಪಿದರೆ ಅನಾಹುತ. 40 ಪುಟದ ಪಾಠವನ್ನು ಹಾಗೇ ಓದಲು ಹೊರಟರೆ ಹತ್ತನೇ ಪುಟಕ್ಕೆ ಸುಸ್ತಾಗುತ್ತದೆ. ಪಾಠವನ್ನು ಮೊದಲ ಸಲ ತಲೆಬರಹಗಳನ್ನೂ ಕೊನೆಯ ಪ್ಯಾರಾವನ್ನೂ ನೋಡುತ್ತಾ ಬೇಗ ತಿರುವಿ ಹಾಕಬೇಕು: ಲೇಖಕರು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ ಎಂದಷ್ಟೇ ತಿಳಿದರೆ ಸಾಕು. ಎರಡನೇ ಸಲ ಪೆನ್ಸಿಲ್ ಹಿಡಿದು, ಒಪ್ಪಿದ್ದಕ್ಕೆ ಒಂದು ಗುರುತು, ಅರ್ಥವಾಗದ್ದಕ್ಕೆ ಇನ್ನೊಂದು. ಆಮೇಲೆ ಪುಸ್ತಕ ಮುಚ್ಚಿ, ನೆನಪಿನಿಂದ ಐದು ಸಾಲು ಸ್ವಂತ ಮಾತಿನಲ್ಲಿ ಬರೆಯಬೇಕು. ಈ ಕೊನೆಯ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಓದಿದ್ದು ಉಳಿಯುವುದು ಮಾತ್ರ ಅದರಿಂದಲೇ.

ಕ್ಲಾಸಿನಲ್ಲಿ ಕೈ ಎತ್ತುವುದು

ಯೂನಿಟ್‌ನಲ್ಲಿ ಸಾಬ್ ಹೇಳಿದ ಮೇಲೆ ಮಾತು ಮುಗಿಯಿತು. ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ ಮೇಲೆ ಮಾತು ಶುರುವಾಗಬೇಕು. 'ಸರ್, ಇದು ಯಾಕೆ ಹೀಗೆ?' ಎಂದು ಕೇಳಿದರೆ ಅದು ಅವಿಧೇಯತೆ ಅಲ್ಲ, ಓದುತ್ತಿದ್ದಾನೆ ಎಂಬುದರ ಗುರುತು. 38 ವರ್ಷದ ವಿದ್ಯಾರ್ಥಿಗೆ 30 ವರ್ಷದ ಅತಿಥಿ ಉಪನ್ಯಾಸಕರು ಪಾಠ ಮಾಡುವ ಸಂದರ್ಭ ಬರುತ್ತದೆ. ಪಕ್ಕದ ಬೆಂಚಿನ 18ರ ಹುಡುಗರು ಮೊದಲ ವಾರ 'ಅಂಕಲ್' ಎನ್ನುತ್ತಾರೆ, ತಿಂಗಳು ಕಳೆಯುವಷ್ಟರಲ್ಲಿ 'ಅಣ್ಣಾ, ನೋಟ್ಸ್ ಕೊಡ್ರಿ' ಎನ್ನುತ್ತಾರೆ. ಮೊದಲ ವಾರವನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಇದ್ದವರಿಗೆ ಎರಡನೆಯದು ಸಿಗುತ್ತದೆ.

ಸಮಯವೂ ತಬ್ಬಿಬ್ಬು ಮಾಡುತ್ತದೆ. ಬೆಳಗಿನ ಪಿಟಿಯಿಂದ ರಾತ್ರಿಯ ರೋಲ್‌ಕಾಲ್‌ವರೆಗೆ ಯಾರೋ ಹಾಕಿಕೊಟ್ಟ ದಿನಚರಿಯಲ್ಲಿ ಬದುಕಿದವರಿಗೆ, ಮಧ್ಯಾಹ್ನ ಎರಡಕ್ಕೆ ಕಾಲೇಜು ಮುಗಿದ ಮೇಲೆ ಉಳಿಯುವ ಖಾಲಿ ತಾಸುಗಳು ಹೊಸವು. ಏಳುವ, ಓದುವ, ಮಲಗುವ ವೇಳೆಯನ್ನು ತಾವೇ ಬರೆದು ಗೋಡೆಗೆ ಅಂಟಿಸಿಕೊಂಡರೆ ಹಳೆಯ ಶಿಸ್ತು ತಾನಾಗಿ ಕೆಲಸಕ್ಕೆ ಬರುತ್ತದೆ.

ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಯಾರ ಜೊತೆಗೂ ಸೇರಲು ಆಗದಿರುವುದು ವಾರಗಟ್ಟಲೆ ಕಾಡಿದರೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕನ್ನಡ ಮರೆತ ಕೈ

ನಮ್ಮ ಹುಡುಗರಿಗೆ ಭಾಷೆಯ ತೊಡಕು ವಿಚಿತ್ರ ರೀತಿಯಲ್ಲಿ ಬರುತ್ತದೆ. ಸೇನೆಯಲ್ಲಿ ದಿನಬಳಕೆಯ ಮಾತು ಹಿಂದಿ. ಸಿಂಧನೂರಿನಿಂದ ಹೋದವನು ಐದಾರು ವರ್ಷದಲ್ಲಿ ಹಿಂದಿಯಲ್ಲಿ ಸರಾಗ ಮಾತಾಡುತ್ತಾನೆ, ಕನ್ನಡವನ್ನು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಾನೆ, ಆದರೆ ಬರೆಯುವುದಿಲ್ಲ. ವಾಟ್ಸ್ಆ್ಯಪ್‌ನಲ್ಲೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಕನ್ನಡ ಮಾಧ್ಯಮದಲ್ಲಿ ಬಿಎ ಪರೀಕ್ಷೆಗೆ ಕೂತಾಗ ಒತ್ತಕ್ಷರ ಎಲ್ಲಿ ಹಾಕಬೇಕು ಎಂದು ಪೆನ್ನು ನಿಲ್ಲುತ್ತದೆ. ಬರೆಯಬೇಕಾದದ್ದು ತಲೆಯಲ್ಲಿದ್ದರೂ ಮೂರು ತಾಸು ಒಂದೇ ಸಮನೆ ಬರೆಯಲು ಬೆರಳು ಒಪ್ಪುವುದಿಲ್ಲ.

ಇದಕ್ಕೆ ಮದ್ದು ಸರಳ, ಆದರೆ ದಿನವೂ ಆಗಬೇಕು. ಪತ್ರಿಕೆಯ ಸಂಪಾದಕೀಯದ ಅರ್ಧ ಪುಟವನ್ನು ನೋಡಿ ಬರೆಯುವುದು, ಆಮೇಲೆ ಅದನ್ನೇ ನೋಡದೆ ಐದಾರು ಸಾಲಿನಲ್ಲಿ ಬರೆಯುವುದು. ಎರಡು ತಿಂಗಳಾದ ಮೇಲೆ ಗಡಿಯಾರ ಇಟ್ಟುಕೊಂಡು ಒಂದು ತಾಸು, ಆಮೇಲೆ ಎರಡು, ಆಮೇಲೆ ಮೂರು. ಪಿಟಿಯಲ್ಲಿ ಐದು ಕಿಲೋಮೀಟರ್ ಓಟಕ್ಕೆ ಮೈ ಹದಗೊಳಿಸಿದವರಿಗೆ ಈ ಕ್ರಮವನ್ನು ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಮಾಧ್ಯಮ ತೆಗೆದುಕೊಂಡರೆ ಮುಂದೆ ಅನುಕೂಲ ಎಂಬ ಆಸೆಯಿಂದ, ಒಂದು ಪ್ಯಾರಾ ಕೂಡ ಸ್ವಂತವಾಗಿ ಬರೆಯಲಾಗದ ಭಾಷೆಯಲ್ಲಿ ಸೇರಿಬಿಡಬೇಡಿ. ಓದು ಕನ್ನಡದಲ್ಲಿ ನಡೆಯಲಿ, ಇಂಗ್ಲಿಷನ್ನು ಒಂದು ವಿಷಯವಾಗಿ ಗಟ್ಟಿ ಮಾಡಿಕೊಳ್ಳಿ.

ದುಡ್ಡು ಮತ್ತು ಮೀಸಲಾತಿ: ಯಾವುದು ಯಾರಿಗೆ?

'ಮಿಲ್ಟ್ರಿಯವರಿಗೆ ಸ್ಕಾಲರ್‌ಶಿಪ್ ಇದೆ' ಎಂದು ಎಲ್ಲರೂ ಕೇಳಿರುತ್ತಾರೆ. ಹೆಚ್ಚಾಗಿ ಆ ಮಾತು ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಬಗ್ಗೆ. ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಪತಿಯನ್ನು ಕಳೆದುಕೊಂಡ ಪತ್ನಿಯರಿಗೆ, ವೃತ್ತಿಪರ ಕೋರ್ಸುಗಳಿಗೆ: ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಸ್ವತಃ ಓದುವ ಮಾಜಿ ಸೈನಿಕನಿಗೆ ಅದು ಬರುವುದಿಲ್ಲ. ಶುಲ್ಕ ರಿಯಾಯಿತಿ ಇದೆಯೇ ಎಂದು ಸೇರಬೇಕೆಂದಿರುವ ವಿಶ್ವವಿದ್ಯಾಲಯದಲ್ಲಿ ಕೇಳಿ. ನಿಮ್ಮ ಜಿಲ್ಲೆ ಯಾವ ಸೈನಿಕ ಕಲ್ಯಾಣ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಹೆಸರು ನೋಂದಾಯಿಸಿ.

ನಮ್ಮ ಭಾಗದವರಿಗೆ ಇನ್ನೊಂದು ಬಲ ಇದೆ: ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು ಅದರಿಂದ ಬಂದದ್ದು. ಸೇವೆಯ ವರ್ಷಗಳೆಲ್ಲ ಕಾಶ್ಮೀರದಲ್ಲೋ ಅಸ್ಸಾಮಿನಲ್ಲೋ ಕಳೆದಿದ್ದರೂ ಇಲ್ಲೇ ಹುಟ್ಟಿದವರಿಗೆ ಈ ಹಕ್ಕು ತಪ್ಪುವುದಿಲ್ಲ. ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರಿಂದ ಪಡೆಯಬೇಕು.

ಸೇವಾ ನಿಧಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಡುಗಂಟು ಬಂದ ಸುದ್ದಿ ಮನೆಗೆ ತಲುಪುವ ಹೊತ್ತಿಗೆ ಅದಕ್ಕೆ ಅಣ್ಣನ ಬೋರ್‌ವೆಲ್, ತಂಗಿಯ ಮದುವೆ, ಮನೆಯ ಸ್ಲ್ಯಾಬ್ ಕಾದಿರುತ್ತವೆ. ಯಾವುದೂ ಸುಳ್ಳು ಅಗತ್ಯವಲ್ಲ. ಆದರೂ ಮೂರು ವರ್ಷದ ಶುಲ್ಕ, ಪುಸ್ತಕ, ಬಸ್ ಖರ್ಚಿನಷ್ಟನ್ನು ಮೊದಲ ದಿನವೇ ಬೇರೆ ಠೇವಣಿಯಲ್ಲಿ ಇಟ್ಟುಬಿಡಿ. ಸರ್ಕಾರಿ ಕಾಲೇಜಿನಲ್ಲಿ ಓದುವುದಾದರೆ ಅದು ಒಟ್ಟು ಮೊತ್ತದ ಸಣ್ಣ ಪಾಲು.

ಬೇರೆ ಕಡೆ ಹೇಗೆ ಮಾಡಿದ್ದಾರೆ?

ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕ ಜಿಐ ಬಿಲ್ ಎಂಬ ಕಾಯ್ದೆ ತಂದಿತು. ಯುದ್ಧದಿಂದ ಮರಳಿದವರ ಕಾಲೇಜು ಶುಲ್ಕ ಮತ್ತು ಜೀವನ ಭತ್ಯೆಯನ್ನು ಸರ್ಕಾರ ಕೊಟ್ಟಿತು. ಸುಮಾರು 22 ಲಕ್ಷ ಮಂದಿ ಅದರಿಂದ ಕಾಲೇಜು ಸೇರಿದರು. 1947ರ ಹೊತ್ತಿಗೆ ಅಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರೇ.

ದುಡ್ಡು ಕೊಟ್ಟರೆ ಸಾಲದು, ಓದುವುದನ್ನೂ ಕಲಿಸಬೇಕು ಎಂಬ ಆಲೋಚನೆಯಿಂದ 2012ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ವಾರಿಯರ್-ಸ್ಕಾಲರ್ ಪ್ರಾಜೆಕ್ಟ್ ಶುರುವಾಯಿತು. ಕಾಲೇಜು ಸೇರುವ ಮೊದಲು ಸೈನಿಕರನ್ನು ಒಂದೆರಡು ವಾರ ಕ್ಯಾಂಪಸ್‌ನಲ್ಲೇ ಇರಿಸಿಕೊಂಡು ಕಠಿಣ ಪಠ್ಯ ಓದುವುದು, ಟಿಪ್ಪಣಿ ಮಾಡುವುದು, ವಾದ ಕಟ್ಟಿ ಬರೆಯುವುದನ್ನು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ಪ್ರಾಧ್ಯಾಪಕರ ಜೊತೆಗೆ, ಈ ದಾರಿಯಲ್ಲಿ ಮೊದಲು ನಡೆದ ಮಾಜಿ ಸೈನಿಕ ವಿದ್ಯಾರ್ಥಿಗಳೂ ನಿಂತು ಹೇಳಿಕೊಡುತ್ತಾರೆ.

ಇಷ್ಟನ್ನು ಮಾಡಲು ದೊಡ್ಡ ಅನುದಾನ ಬೇಕಿಲ್ಲ. ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕೊಪ್ಪಳದಲ್ಲೋ ಒಂದು ಸರ್ಕಾರಿ ಕಾಲೇಜು ಬೇಸಿಗೆ ರಜೆಯಲ್ಲಿ ಎರಡು ಕೊಠಡಿ ತೆರೆದು, ಕನ್ನಡ ಮತ್ತು ಸಮಾಜಶಾಸ್ತ್ರದ ಇಬ್ಬರು ಮೇಷ್ಟ್ರು ಹತ್ತು ದಿನ ಬೆಳಗಿನ ಹೊತ್ತು ಕೊಟ್ಟರೆ, ಡಿಗ್ರಿ ಮುಗಿಸಿದ ಒಬ್ಬ ನಿವೃತ್ತ ಹವಾಲ್ದಾರರು ಜೊತೆಗಿದ್ದರೆ ಆಗುವ ಕೆಲಸ. ಅದು ಆಗುವವರೆಗೆ ನಾಲ್ಕೈದು ಜನ ಸೇರಿ ಊರಿನ ಗ್ರಂಥಾಲಯದಲ್ಲಿ ತಾವೇ ಮಾಡಿಕೊಳ್ಳಬಹುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದುವುದು ಪಲ್ಟನ್‌ನಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಂಡವರಿಗೆ ಕಷ್ಟವೇನಲ್ಲ.

ಯಾವಾಗ ಏನು ಮಾಡಬೇಕು?

2027ರ ಜನವರಿಯಲ್ಲಿ ಹೊರಬರುವ ಅಗ್ನಿವೀರನ ಲೆಕ್ಕ ಹಿಡಿಯೋಣ. ಸೇವೆಯ ಕೊನೆಯ ತಿಂಗಳುಗಳಲ್ಲಿ ಮಾಡಬೇಕಾದ್ದು ಹೆಸರಿನ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹನುಮಂತಪ್ಪ, ಸೇನೆಯ ದಾಖಲೆಯಲ್ಲಿ ಹಣಮಂತಪ್ಪ, ಆಧಾರ್‌ನಲ್ಲಿ ಹನಮಂತ ಎಂದಿರುವುದು ನಮ್ಮಲ್ಲಿ ಸಾಮಾನ್ಯ. ಸೇನೆಯ ದಾಖಲೆಯನ್ನು ಯೂನಿಟ್‌ನಲ್ಲಿದ್ದಾಗಲೇ ಪಾರ್ಟ್-2 ಆರ್ಡರ್, ಅಂದರೆ ಸೈನಿಕನ ವಿವರ ದಾಖಲಿಸುವ ಯೂನಿಟ್ ಆದೇಶದ ಮೂಲಕ ಸರಿಪಡಿಸಿಕೊಂಡರೆ ಆನ್‌ಲೈನ್ ಅರ್ಜಿಯಲ್ಲಿ ಎಲ್ಲ ಒಂದಕ್ಕೊಂದು ತಾಳೆಯಾಗುತ್ತವೆ. ಎಸ್ಸೆಸ್ಸೆಲ್ಸಿ ಹೆಸರಿಗೆ ಉಳಿದವನ್ನು ಹೊಂದಿಸುವುದು ಸುಲಭ, ಎಸ್ಸೆಸ್ಸೆಲ್ಸಿ ಹೆಸರನ್ನೇ ಬದಲಿಸುವುದು ಕಷ್ಟ.

ಫೆಬ್ರುವರಿ, ಮಾರ್ಚ್‌ನಲ್ಲಿ ಪಿಯುಸಿ ಓದಿದ ಕಾಲೇಜಿಗೆ ಹೋಗಿ ಟಿಸಿ, ಅಂಕಪಟ್ಟಿ ನೋಡಿಕೊಳ್ಳಿ. ಕಳೆದಿದ್ದರೆ ನಕಲು ಪ್ರತಿಗೆ ಆಗಲೇ ಅರ್ಜಿ ಕೊಡಿ. ಜಾತಿ-ಆದಾಯ ಪ್ರಮಾಣಪತ್ರ, 371ಜೆ ಪ್ರಮಾಣಪತ್ರಕ್ಕೂ ಇದೇ ಸಮಯ, ಯಾಕೆಂದರೆ ಮೇ ತಿಂಗಳಲ್ಲಿ ಇಡೀ ಜಿಲ್ಲೆಯ ಮಕ್ಕಳು ನಾಡಕಚೇರಿಯ ಮುಂದೆ ನಿಂತಿರುತ್ತಾರೆ. ಮಾರ್ಚ್‌ನಿಂದ ಮೇವರೆಗೆ, ಬಳ್ಳಾರಿಯ ಬಿಸಿಲಿಗೆ ಹೊರಗೆ ಹೇಗೂ ಕೆಲಸ ಸಾಗದ ಮಧ್ಯಾಹ್ನಗಳಲ್ಲಿ, ಮೇಲೆ ಹೇಳಿದ ಓದು-ಬರಹದ ಅಭ್ಯಾಸ. ಸೇರಬೇಕೆಂದಿರುವ ಕೋರ್ಸಿನ ಮೊದಲ ಸೆಮಿಸ್ಟರ್‌ನ ಒಂದು ಪುಸ್ತಕವನ್ನಾದರೂ ಯಾರಿಂದಲಾದರೂ ಇಸಿದುಕೊಂಡು ಓದಿ ಮುಗಿಸಿ. ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಇಟ್ಟುಕೊಂಡು 'ಚರ್ಚಿಸಿ', 'ವಿಮರ್ಶಿಸಿ' ಎಂದಿರುವ ಪ್ರಶ್ನೆಗಳಿಗೆ ಒಂದೊಂದು ಪುಟ ಬರೆದು, ಪರಿಚಯದ ಶಿಕ್ಷಕರೊಬ್ಬರಿಗೆ ತೋರಿಸಿ.

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರವೇಶದ ಪ್ರಕಟಣೆಗಳು ಶುರುವಾಗುತ್ತವೆ. ಅರ್ಜಿ ಹಾಕುವ ಮೊದಲು ಒಂದು ದಿನ ಕಾಲೇಜಿಗೇ ಹೋಗಿ ಬನ್ನಿ. ಸೀಟು, ಶುಲ್ಕ ವಿಚಾರಿಸಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ: ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ, ಮತ್ತು ಸೇನೆಯಿಂದ ಬಂದು ಇಲ್ಲಿ ಓದುತ್ತಿರುವವರು ಯಾರಾದರೂ ಇದ್ದಾರೆಯೇ. ಇದ್ದರೆ ಅವರ ಫೋನ್ ನಂಬರ್ ತೆಗೆದುಕೊಳ್ಳಿ.